ಹಳದಿ ದ್ರವದಿಂದ ತಾಮ್ರದ ಪದರ

ಬೆಂಗಳೂರಿನ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಒಂದು ರಿಯಾಕ್ಷನ್ ನನಗೆ ಬಹಳ ಹಿಡಿಸಿಬಿಟ್ಟಿತ್ತು. ಅದನ್ನು ಮೊದಲ ಸಲ ಕೈಯಾರೆ ಮಾಡಿದ ದಿನ ಹೊರಗೆ ಜಡಿಮಳೆ.

ಚಿಪ್‌ನೊಳಗಿನ ತಂತಿಗಳು ಮೊದಲು ಅಲ್ಯೂಮಿನಿಯಂನವು. ತಾಮ್ರದಲ್ಲಿ ಕರೆಂಟ್ ಇನ್ನೂ ಸಲೀಸಾಗಿ ಹರಿಯುತ್ತದೆ. 1997ರಲ್ಲಿ ಐಬಿಎಂ ತಾಮ್ರಕ್ಕೆ ಬದಲಾಗುವುದಾಗಿ ಘೋಷಿಸಿತು. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಯೊಳಗೆ ತಾಮ್ರ ಇಳಿಸುವುದು ಹೇಗೆ? ಆವಿಯಾಗುವ ಕಾಂಪ್ಲೆಕ್ಸ್, ಅಂದರೆ ಲೋಹದ ಸುತ್ತ ಬೇರೆ ಅಣುಗಳು ಅಂಟಿಕೊಂಡ ಸಂಯುಕ್ತ, ಒಂದು ದಾರಿ.

ನಮ್ಮದು ತಿಳಿ ಹಳದಿ ದ್ರವ. ಅಣುವಿನ ನಡುವೆ ಒಂದು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರ. ಒಂದು ಕಡೆ ಎಚ್‌ಫ್ಯಾಕ್ ಎಂಬ, ಕಾರ್ಬನ್ ಮತ್ತು ಫ್ಲೋರಿನ್ ಇರುವ ಗುಂಪು, ಇನ್ನೊಂದು ಕಡೆ ಸಡಿಲವಾಗಿ ಹಿಡಿದುಕೊಂಡ ವಿನೈಲ್ ಸಿಲೇನ್ ಎಂಬ ಸಿಲಿಕಾನ್ ಇರುವ ಅಣು. ಫ್ಲೋರಿನ್‌ನಿಂದಾಗಿ ಅಣುಗಳು ಒಂದಕ್ಕೊಂದು ಜಾಸ್ತಿ ಅಂಟಿಕೊಳ್ಳುವುದಿಲ್ಲ, ಸುಲಭವಾಗಿ ಆವಿಯಾಗುತ್ತವೆ.

ಟೈಟಾನಿಯಂ ನೈಟ್ರೈಡ್ ಹಚ್ಚಿದ ವೇಫರ್ (ಚಿಪ್ ಮಾಡುವ ಸಿಲಿಕಾನ್ ಬಿಲ್ಲೆ) ತುಂಡನ್ನು 180 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಆರ್ಗಾನ್ ಜೊತೆ ಆವಿ ಬಿಟ್ಟೆವು. ಬಿಸಿ ತಾಗಿದ ಕೂಡಲೇ ಸಿಲೇನ್ ಕಳಚಿಕೊಳ್ಳುತ್ತದೆ. ಹೀಗೆ ಸಿಲೇನ್ ಕಳಚಿಕೊಂಡ ಎರಡು ಅಣುಗಳ ತಾಮ್ರಗಳಲ್ಲಿ ಒಂದು ಇನ್ನೊಂದಕ್ಕೆ ಎಲೆಕ್ಟ್ರಾನ್ ಕೊಡುತ್ತದೆ. ಪಡೆದದ್ದು ಲೋಹವಾಗಿ ಅಲ್ಲೇ ಕೂರುತ್ತದೆ. ಕೊಟ್ಟದ್ದು ಎರಡೂ ಎಚ್‌ಫ್ಯಾಕ್ ಕಟ್ಟಿಕೊಂಡು ಆವಿಯಾಗಿ ಹೊರಡುತ್ತದೆ. ಹೈಡ್ರೋಜನ್ ಸಹ ಬೇಕಿಲ್ಲ! ಕಿಟಕಿಯಲ್ಲಿ ನೋಡುತ್ತಿದ್ದ ಹಾಗೇ ನೈಟ್ರೈಡ್‌ನ ಮಂಕು ಹೊನ್ನಿನ ಬಣ್ಣ ಮರೆಯಾಗಿ ತಾಮ್ರದ ಕೆಂಪು ಹರಡಿತು.

ಆಮೇಲೆ ಹುಡ್‌ನೊಳಗೆ (ಹೊಗೆ ಹೀರುವ ಕಪಾಟು) ಹೊರಹೋಗುವ ಆವಿಯನ್ನು ತಣ್ಣಗೆ ಮಾಡಿ ಹಿಡಿಯುವ ಕೋಲ್ಡ್ ಟ್ರ್ಯಾಪ್ ತೆರೆದೆವು. ಗಾಜಿನ ಗೋಡೆಗೆ, ಎಚ್‌ಫ್ಯಾಕ್ ಕಟ್ಟಿಕೊಂಡು ಹೊರಟಿದ್ದ ಆ ತಾಮ್ರದ ನೇರಳೆ ಹರಳುಗಳು ಅಂಟಿದ್ದವು. ಮಳೆಗಾಲದ ತೇವದ ಗಾಳಿ ತಾಗಿದ್ದೇ ಅಂಚಿನಿಂದ ಹಸಿರಾಗತೊಡಗಿದವು. ನೀರಿನ ಅಣುಗಳು ತಾಮ್ರಕ್ಕೆ ಬಂದು ಸೇರುತ್ತಿದ್ದವು.

"ಅಕ್ಕಾ, ಅರ್ಧ ತಾಮ್ರ ಇಲ್ಲಿಗೇ ಬಂತಲ್ಲ, ವೇಸ್ಟ್ ಅಲ್ವಾ?" ಎಂದಳು ಜೂನಿಯರ್.

"ಹೋಗೋವಾಗ ಎಚ್‌ಫ್ಯಾಕ್‌ನೆಲ್ಲಾ ಕರ್ಕೊಂಡು ಹೋಗ್ತಿದೆ, ನೋಡು. ಅದು ಅಲ್ಲೇ ಒಡೆದು ಕೂತ್ರೆ ಪದರದಲ್ಲಿ ಕಾರ್ಬನ್, ಫ್ಲೋರಿನ್ ಸೇರ್ಕೊಳ್ಳುತ್ತೆ. ಆಗ ರೆಸಿಸ್ಟೆನ್ಸ್ ಏರುತ್ತೆ, ಪದರ ಸುಮ್ನೆ ಎದ್ದು ಬರುತ್ತೆ" ಎಂದೆ. ಲೋಹ ಬಿಟ್ಟುಕೊಡುವ ಕಾಂಪ್ಲೆಕ್ಸ್‌ಗಳು ಬೇಕಾದಷ್ಟಿವೆ. ಹೀಗೆ ಕೊಳೆ ಉಳಿಸದೆ ಹೋಗುವಂಥದ್ದನ್ನು ಕಟ್ಟುವುದರಲ್ಲೇ ಇರುವುದು ಕೆಮಿಸ್ಟ್‌ನ ಕಸುಬು.

ತಾಮ್ರ ತುಂಬಲು ಕಾರ್ಖಾನೆಗಳು ಕೊನೆಗೆ ದ್ರಾವಣದಲ್ಲಿ ಕರೆಂಟ್ ಹಾಯಿಸಿ ಲೋಹ ಕೂರಿಸುವ ಎಲೆಕ್ಟ್ರೋಪ್ಲೇಟಿಂಗ್ ಆರಿಸಿಕೊಂಡವು. ನನಗೆ ಅದರಿಂದ ಬೇಜಾರಿಲ್ಲ. ಅದೇ ತಲೆಬಿಸಿ ಈಗ ಕೋಬಾಲ್ಟ್, ರುಥೀನಿಯಂ ಕಾಂಪ್ಲೆಕ್ಸ್‌ಗಳಲ್ಲಿ ಮುಂದುವರಿದಿದೆ.