ಕದ್ರಿಯ ಲೋಕೇಶ್ವರನ ಎದುರು

ಮಂಗಳೂರಿನ ಕದ್ರಿಗೆ ಬಂದವರಲ್ಲಿ ಹೆಚ್ಚಿನವರು ಮಂಜುನಾಥನಿಗೆ ಕೈಮುಗಿದು, ಒಂದು ಸುತ್ತು ಬಂದು, ಪ್ರಸಾದ ಹಿಡಿದು ಹೊರಟುಬಿಡುತ್ತಾರೆ. ನೀವು ಅದೇ ದೇವಸ್ಥಾನದಲ್ಲಿರುವ ಲೋಕೇಶ್ವರನ ಎದುರೂ ಐದು ನಿಮಿಷ ನಿಲ್ಲಿ. ಪದ್ಮಾಸನದಲ್ಲಿ ಕುಳಿತ ಕಂಚಿನ ಮೂರ್ತಿ, ಎತ್ತರ ಹೆಚ್ಚುಕಡಿಮೆ 5 ಅಡಿ, ಮೂರು ಮುಖ, ಆರು ಕೈ. ನಾಲ್ಕನೆಯ ಮುಖ ಹಿಂದೆ ಇದ್ದೀತೆಂದು ಬ್ರಹ್ಮನೆಂದುಕೊಂಡು ನಮಸ್ಕರಿಸುವವರಿದ್ದಾರೆ. ಆದರೆ ಗುರುತು ಇರುವುದು ಕಿರೀಟದಲ್ಲಿ. ಅಲ್ಲಿ ಧ್ಯಾನಕ್ಕೆ ಕುಳಿತ ಪುಟ್ಟ ಬುದ್ಧನಿದ್ದಾನೆ. ಅಮಿತಾಭ ಬುದ್ಧನನ್ನು ತಲೆಯ ಮೇಲೆ ಹೊತ್ತವನು ಅವಲೋಕಿತೇಶ್ವರ, ಲೋಕದ ನೋವಿನಿಂದ ಕಣ್ಣು ತೆಗೆಯದ ಬೋಧಿಸತ್ವ, ಎಂದರೆ ಬುದ್ಧತ್ವದ ಹಾದಿಯಲ್ಲಿರುವವನು. ಲೋಕೇಶ್ವರ ಅವನದೇ ಇನ್ನೊಂದು ಹೆಸರು. ಅಲಂಕಾರ ದಟ್ಟವಾಗಿದ್ದರೆ ಈ ಬುದ್ಧ ಹೂವಿನಲ್ಲಿ ಮರೆಯಾಗುತ್ತಾನೆ. ಜಾತ್ರೆಯ ನೂಕುನುಗ್ಗಲಿನಲ್ಲಿ ನಿಂತು ನೋಡಲೂ ಆಗದು. ಜನ ಕಡಿಮೆ ಇರುವ ದಿನ ಬನ್ನಿ.

ಪೀಠದ ಮೇಲೆ ಸಂಸ್ಕೃತ ಶಾಸನವಿದೆ. ಕಲಿವರ್ಷ 4068ರಲ್ಲಿ, ಎಂದರೆ ಕ್ರಿ.ಶ. 968ರಲ್ಲಿ, ತುಳುನಾಡನ್ನು ಆಳಿದ ಆಳುಪ ವಂಶದ ದೊರೆ ಕುಂದವರ್ಮ ಕದಿರಿಕಾ ಎಂಬ ಮನೋಹರವಾದ ವಿಹಾರದಲ್ಲಿ (ಬೌದ್ಧ ಮಠದಲ್ಲಿ) ಲೋಕೇಶ್ವರ ದೇವನನ್ನು ಪ್ರತಿಷ್ಠಾಪಿಸಿದನೆಂದು ಅದು ಹೇಳುತ್ತದೆ. ಅದೇ ಶಾಸನ ಈ ದೊರೆಯನ್ನು ಬಾಲಚಂದ್ರನನ್ನು ಮುಡಿದವನ ಪಾದಕಮಲದ ದುಂಬಿ ಎಂದು ಕರೆಯುತ್ತದೆ. ಶಿವಭಕ್ತನೊಬ್ಬ ಬೋಧಿಸತ್ವನನ್ನು ನಿಲ್ಲಿಸಿದ್ದಾನೆ, ಅದಕ್ಕೊಂದು ಸಮಜಾಯಿಷಿಯನ್ನೂ ಬರೆಸಿಲ್ಲ! ಕದ್ರಿಯ ಭಕ್ತಿಯ ಬುಡ ಇಲ್ಲಿದೆ ಎಂದೇ ನಮ್ಮ ನಂಬಿಕೆ.

ಮಂಜುನಾಥ ಎಂಬ ಹೆಸರು ಬೌದ್ಧರ ಮಂಜುಘೋಷನಿಂದ ಬಂದದ್ದೆಂದು ಗೋವಿಂದ ಪೈಗಳು ವಾದಿಸಿದ್ದರು. ಅದನ್ನು ಒಪ್ಪುವವರೂ ಉಂಟು, ಒಪ್ಪದವರೂ ಉಂಟು. ಒಪ್ಪಿದರೂ ಒಂದು ಎಚ್ಚರ ಬೇಕು: ಮಂಜುಘೋಷನೇ ಲೋಕೇಶ್ವರನಲ್ಲ. ಒಬ್ಬ ಪ್ರಜ್ಞೆಯ ಬೋಧಿಸತ್ವ, ಇನ್ನೊಬ್ಬ ಕರುಣೆಯವನು. ಇಬ್ಬರನ್ನೂ ಕಲಸಿದರೆ ಶಾಸನದ ಮಾತೇ ತಪ್ಪಿಹೋಗುತ್ತದೆ.

ವಿಹಾರ ಹೋಯಿತು, ಮೂರ್ತಿ ಉಳಿಯಿತು. ಕದ್ರಿ ಶೈವ ಯೋಗಿಗಳ ನಾಥಪಂಥದ ನೆಲೆಯಾದಾಗ ಜೋಗಿಗಳು ಇಲ್ಲಿ ಪೂಜಿಸಿದ್ದು ತಮ್ಮ ಪಂಥದ ಗುರು ಮತ್ಸ್ಯೇಂದ್ರನಾಥನನ್ನು. ಅದೇ ಹೆಸರಿನ, ನೇಪಾಳದ ಪಾಟನ್‌ನಲ್ಲಿ ಇಂದಿಗೂ ರಥವೇರುವ ಮಚ್ಛೀಂದ್ರನಾಥನನ್ನು ಅಲ್ಲಿನ ಬೌದ್ಧರು ಕರುಣಾಮಯ ಲೋಕೇಶ್ವರನೆಂದೇ ಪೂಜಿಸುತ್ತಾರೆ. ಹಾಗಾಗಿ ಇಲ್ಲಿ ಲೋಕೇಶ್ವರನೂ ಮತ್ಸ್ಯೇಂದ್ರನೂ ನೆರೆಹೊರೆಯಾಗಿರುವುದು ಬರಿಯ ಆಕಸ್ಮಿಕವೆನಿಸುವುದಿಲ್ಲ.

ದರ್ಶನವಾದ ಮೇಲೆ ಹಿಂದಿನ ಗುಡ್ಡದ ಗೋಮುಖ ತೀರ್ಥ ನೋಡಿ. ಆ ನೀರೇ ಕೆಳಗಿನ ಕೆರೆಗಳಿಗೆ ಇಳಿಯುತ್ತದೆ. ಇನ್ನೂ ಮೇಲೆ ಹತ್ತಿದರೆ ಜೋಗಿಮಠ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ಬಳಿಯ ತ್ರ್ಯಂಬಕೇಶ್ವರದಿಂದ ನಡೆದೇ ಬರುವ ಜೋಗಿಗಳು ತಮ್ಮ ಹೊಸ ಅರಸನಿಗೆ, ಎಂದರೆ ಮಠಾಧಿಪತಿಗೆ, ಪಟ್ಟ ಕಟ್ಟುವುದು ಅಲ್ಲೇ.