ಬೇರೆ ಟೀಮ್ ಬೇಡ

"ಬೇರೆ ಟೀಮ್ ಸಿಗಲಿಲ್ವಾ ನಿಮಗೆ?"

ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆಫೀಸಿನಲ್ಲಿ ಕೇಳುತ್ತಾರೆ, ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಕೇಳುತ್ತಾರೆ, ಊರಿಂದ ಫೋನ್ ಮಾಡಿದ ಭಾವ ಕೂಡ ಕೇಳುತ್ತಾರೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ. ಇನ್ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನಿರುವುದು ಅಮೆರಿಕದ ಓಹಾಯೋ ರಾಜ್ಯದಲ್ಲಿ, ಕ್ಲೀವ್‌ಲ್ಯಾಂಡ್ ಹತ್ತಿರ. ನೋಡುವುದು ಎನ್‌ಎಫ್‌ಎಲ್, ಅಂದರೆ ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್. ನನ್ನ ಟೀಮ್ ಕ್ಲೀವ್‌ಲ್ಯಾಂಡ್ ಬ್ರೌನ್ಸ್. ಅದು ಲೀಗ್ ಗೆದ್ದದ್ದು ಕೊನೆಯ ಸಲ 1964ರಲ್ಲಿ. ಸೂಪರ್ ಬೌಲ್ ಅನ್ನುವ ಫೈನಲ್ ಶುರುವಾಗಿದ್ದೇ ಅದಾದ ಮೇಲೆ, ಅದನ್ನು ನಾವು ಇನ್ನೂ ಒಮ್ಮೆಯೂ ಆಡಿಲ್ಲ. ಇಷ್ಟು ಗೊತ್ತಾದ ಕೂಡಲೇ ಜನ ನನ್ನ ಮುಖ ನೋಡುವ ರೀತಿಯೇ ಬೇರೆ ಆಗುತ್ತದೆ.

ಸೋಲಿನ ಬಗ್ಗೆ ಕೇಳಿದರೆ ನನಗೆ ಬೇಜಾರಿಲ್ಲ. ಕೇಳುವ ಧಾಟಿಗೆ ಬೇಜಾರು. ಏನೋ ಅಂಗಡಿಯಲ್ಲಿ ಮೂವತ್ತೆರಡು ಟೀಮ್ ಜೋಡಿಸಿಟ್ಟಿದ್ದರು, ನಾನು ಹೋಗಿ ಡ್ಯಾಮೇಜ್ ಆಗಿದ್ದನ್ನೇ ಆರಿಸಿಕೊಂಡು ಬಂದೆ ಅನ್ನುವ ಹಾಗೆ. ಇರುವ ಊರಿನ ಟೀಮ್ ರೀ ಅದು. ಇದನ್ನು ಆರ್‌ಸಿಬಿ ಅಭಿಮಾನಿಗಳು ಕೇಳಿದಾಗಲಂತೂ ತಡೆಯಲಾಗುವುದಿಲ್ಲ. ಹದಿನೇಳು ಸೀಸನ್ "ಈ ಸಲ ಕಪ್ ನಮ್ದೇ" ಅಂತ ಕಾದವರು ನೀವು. 2025ರಲ್ಲಿ ಕಪ್ ಬಂತು, ನಾನೂ ಕಣ್ಣೀರು ಹಾಕಿದೆ. ಆಮೇಲೆ ನೋಡಿದರೆ ನೀವೇ ನನಗೆ ಈ ಪ್ರಶ್ನೆ ಕೇಳುವುದು ಜಾಸ್ತಿ ಆಗಿದೆ. ಬೇರೆಯವರು ಕೇಳಲಿ, ನೀವು ಕೇಳಬಾರದು.

ಎರಡನೇ ಪ್ರಶ್ನೆ ಬಟ್ಟೆಯದ್ದು. "ಹೆಲ್ಮೆಟ್ ಮೇಲೆ ಯಾಕೆ ಏನೂ ಇಲ್ಲ?" ನಿಜ, ಏನೂ ಇಲ್ಲ. ಲೀಗಿನ 32 ಟೀಮ್‌ಗಳಲ್ಲಿ ಹೆಲ್ಮೆಟ್ ಪಕ್ಕದಲ್ಲಿ ಚಿತ್ರ ಇಲ್ಲದ ಟೀಮ್ ನಮ್ಮದೊಂದೇ. ಬರೀ ಕಿತ್ತಳೆ ಬಣ್ಣ, ನಡುವೆ ಕಂದು–ಬಿಳಿ–ಕಂದು ಪಟ್ಟಿ, ಅಷ್ಟೇ. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಬ್ರೌನ್ಸ್ ಅಂದ್ರೆ ನಮ್ಮಂಥ ಬ್ರೌನ್ ಜನರ ಟೀಮಾ? ಅದಕ್ಕೇ ಸೇರಿಕೊಂಡ್ರಾ?" ಮೊದಲ ಸಲ ಕೇಳಿದಾಗ ನಗು ಬಂತು. ನೂರನೇ ಸಲಕ್ಕೆ ಬರುವುದಿಲ್ಲ.

ಅಲ್ಲ. ಅದು ಪಾಲ್ ಬ್ರೌನ್ ಅನ್ನುವವರ ಹೆಸರು, ಟೀಮಿನ ಮೊದಲ ಕೋಚ್. 1946ರಲ್ಲಿ ಟೀಮ್ ಕಟ್ಟುವಾಗ ಅವರು ಮಾಡಿದ ಒಂದು ಕೆಲಸ ಕೇಳಿ. ಆಗ ಈ ದೇಶದ ಹೆಚ್ಚಿನ ದೊಡ್ಡ ಟೀಮ್‌ಗಳು ಕಪ್ಪು ಆಟಗಾರರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಪಾಲ್ ಬ್ರೌನ್ ಬಿಲ್ ವಿಲ್ಲಿಸ್ ಮತ್ತು ಮರಿಯನ್ ಮಾಟ್ಲಿ ಇಬ್ಬರನ್ನೂ ಕರೆದು ಆಡಿಸಿದರು. ಬೇಸ್‌ಬಾಲಿನಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ದೊಡ್ಡ ಲೀಗಿಗೆ ಬಂದದ್ದು ಅದರ ಮುಂದಿನ ವರ್ಷ. ಪಾಲ್ ಬ್ರೌನ್ ಟೀಮ್ ಆಗ ತಾನಿದ್ದ ಬೇರೆ ಲೀಗನ್ನು ಸತತ ನಾಲ್ಕು ವರ್ಷ ಗೆದ್ದಿತು, 1950ರಲ್ಲಿ ಎನ್‌ಎಫ್‌ಎಲ್‌ಗೆ ಬಂದು ಮೊದಲ ವರ್ಷವೇ ಅದನ್ನೂ ಗೆದ್ದಿತು. ಒಳ್ಳೆಯ ಆಟಗಾರ ಕಣ್ಣೆದುರೇ ಇದ್ದ, ಹೆಚ್ಚಿನವರು ನೋಡಲಿಲ್ಲ, ಇವರು ನೋಡಿದರು. ಟೀಮ್ ಕಟ್ಟುವುದು ಅಂದರೆ ನನ್ನ ಮಟ್ಟಿಗೆ ಇದು.

ಈಗ ಬಟ್ಟೆಗೆ ಬರುತ್ತೇನೆ. 2015ರಲ್ಲಿ ಟೀಮಿನವರಿಗೆ ಹೊಸ ಸಮವಸ್ತ್ರ ಬೇಕು ಅನ್ನಿಸಿತು. ಎದೆಯ ಮೇಲೆ ದೊಡ್ಡದಾಗಿ ಕ್ಲೀವ್‌ಲ್ಯಾಂಡ್ ಅಂತ ಬರೆಸಿದರು. ಪ್ಯಾಂಟಿನ ಪಕ್ಕದಲ್ಲಿ ಸೊಂಟದಿಂದ ಮಂಡಿಯ ಕಡೆಗೆ ಬ್ರೌನ್ಸ್ ಅಂತ ಬರೆಸಿದರು. ನನಗೆ ಅದನ್ನು ನೋಡಿದಾಗ ಅಜ್ಜಿ ನೆನಪಾದರು. ನಮ್ಮದು ಬಾಗಲಕೋಟೆ ಕಡೆ. ಅಜ್ಜಿ ಉಟ್ಟಿದ್ದೆಲ್ಲ ಇಳಕಲ್ ಸೀರೆ. ಆ ಕೆಂಪು ಸೆರಗಿನಲ್ಲಿ ಬಿಳಿ ತೆನೆ ಕಂಡರೆ ಸಾಕು, ಬಸ್‌ಸ್ಟ್ಯಾಂಡಿನ ಆ ತುದಿಯಿಂದಲೇ ಇದು ಇಳಕಲ್ ಅಂತ ಗೊತ್ತಾಗುತ್ತದೆ. ಸೆರಗಿನ ಮೇಲೆ ಯಾರಾದರೂ "ಇಳಕಲ್" ಅಂತ ಬರೆಸುತ್ತಾರಾ? ಬರೆಸಬೇಕಾಗಿ ಬಂದರೆ ಅದು ಇಳಕಲ್ ಸೀರೆಯೇ ಅಲ್ಲ. ಕಿತ್ತಳೆ ಹೆಲ್ಮೆಟ್, ಕಂದು ಜೆರ್ಸಿ, ತೋಳಿಗೆ ಬಿಳಿ–ಕಿತ್ತಳೆ ಪಟ್ಟಿ ಕಂಡರೆ ಈ ಊರಿನಲ್ಲಿ ಮಗುವಿಗೂ ಗೊತ್ತು ಅದು ಯಾರು ಅಂತ. ಗೊತ್ತಿರುವುದನ್ನು ಎದೆಯ ಮೇಲೆ ಯಾಕೆ ಬರೆಯಬೇಕು?

ಬರೀ ಬಟ್ಟೆ ಅಲ್ವಾ, ಅದಕ್ಯಾಕೆ ಇಷ್ಟು ಅಂತ ಕೇಳುವವರಿಗೆ 1995ರ ಕಥೆ ಹೇಳಬೇಕು. ಆ ವರ್ಷದ ನವೆಂಬರಿನಲ್ಲಿ ಟೀಮಿನ ಮಾಲೀಕ ಆರ್ಟ್ ಮೋಡೆಲ್ ಇಡೀ ಟೀಮನ್ನು ಬಾಲ್ಟಿಮೋರ್‌ಗೆ ತೆಗೆದುಕೊಂಡು ಹೋಗುವುದಾಗಿ ಹೇಳಿದರು. ಆಟಗಾರರು ಹೋದರು. ಊರಿನಲ್ಲಿ ನಡೆದ ಕೊನೆಯ ಪಂದ್ಯದ ದಿನ ಜನ ಸ್ಟೇಡಿಯಮ್ಮಿನ ಸೀಟುಗಳನ್ನೇ ಕಿತ್ತರು. ಆದರೆ ಊರು ಸುಮ್ಮನೆ ಕೂರಲಿಲ್ಲ, ಜಗಳಕ್ಕೆ ನಿಂತಿತು. ಕೊನೆಗೆ ಆದ ಒಪ್ಪಂದ ಏನು ಗೊತ್ತಾ? ಆಟಗಾರರು ಹೋಗಲಿ, ಹೆಸರು, ಬಣ್ಣ, ಹಳೆಯ ದಾಖಲೆ ಎಲ್ಲ ಇಲ್ಲೇ ಇರಲಿ. 1996ರಿಂದ 1998ರವರೆಗೆ ಮೂರು ವರ್ಷ ಈ ಊರಿಗೆ ಟೀಮ್ ಇರಲಿಲ್ಲ, ಬಣ್ಣ ಇತ್ತು. ಇದನ್ನು ಒಂದು ಕ್ಷಣ ಯೋಚನೆ ಮಾಡಿ. 1999ರಲ್ಲಿ ಹೊಸದಾಗಿ ಟೀಮ್ ಬಂದಾಗ ಅದು ಬಂದು ನಿಂತದ್ದು ಆ ಬಣ್ಣದೊಳಗೆ. ಅತ್ತ ಬಾಲ್ಟಿಮೋರ್‌ಗೆ ಹೋದವರು 1996ರ ಮೊದಲ ಡ್ರಾಫ್ಟಿನಲ್ಲೇ, ಅಂದರೆ ಹೊಸ ಆಟಗಾರರನ್ನು ಸರದಿಯಂತೆ ಆರಿಸುವಾಗಲೇ, ಜೊನಾಥನ್ ಆಗ್ಡನ್ ಮತ್ತು ರೇ ಲೂಯಿಸ್ ಇಬ್ಬರನ್ನೂ ಆರಿಸಿಕೊಂಡರು, ರೇ ಲೂಯಿಸ್‌ನನ್ನು ಆರಿಸಿದ ಆ ಸರದಿ ಕ್ಲೀವ್‌ಲ್ಯಾಂಡ್‌ನಲ್ಲಿದ್ದಾಗ ಸಂಪಾದಿಸಿದ್ದು, ಆ ಇಬ್ಬರನ್ನು ಇಟ್ಟುಕೊಂಡು ಐದನೇ ಸೀಸನ್ನಿನಲ್ಲಿ ಸೂಪರ್ ಬೌಲ್ ಗೆದ್ದರು. ಇಲ್ಲಿನ ಹಿರಿಯರ ಮುಂದೆ ಈ ಎರಡು ಹೆಸರು ನಾನು ಎತ್ತುವುದೇ ಇಲ್ಲ.

ಡ್ರಾಫ್ಟ್ ಅಂದರೆ ಐಪಿಎಲ್ ಹರಾಜಿನಂತಲ್ಲ. ಹರಾಜಿನಲ್ಲಿ ಪರ್ಸಿನಲ್ಲಿ ದುಡ್ಡಿದ್ದವರು ಯಾರಿಗಾದರೂ ಕೈ ಎತ್ತಬಹುದು. ಇಲ್ಲಿ ಕಾಲೇಜಿನಲ್ಲಿ ಆಡಿದ ಹುಡುಗರನ್ನು ಸರದಿ ಪ್ರಕಾರ ಆರಿಸಬೇಕು, ಹಿಂದಿನ ವರ್ಷ ಅತಿ ಜಾಸ್ತಿ ಸೋತವರಿಗೆ ಮೊದಲ ಸರದಿ, ಒಟ್ಟು ಏಳು ಸುತ್ತು. ಮೇಲಿನಿಂದ ಸಂಬಳಕ್ಕೆ ಮಿತಿ ಇದೆ. 53 ಜನರನ್ನು ಆ ಮಿತಿಯೊಳಗೇ ಸಾಕಬೇಕು. ಹೊಸ ಹುಡುಗನಿಗೆ ಮೊದಲ ನಾಲ್ಕು ವರ್ಷ ಸಂಬಳ ಕಡಿಮೆ. ಹಾಗಾಗಿ ಒಳ್ಳೆಯ ಹುಡುಗರನ್ನು ಆರಿಸಿ ತಾಳ್ಮೆಯಿಂದ ಬೆಳೆಸಿದವನಿಗೇ ಇಲ್ಲಿ ಲಾಭ. ಸರದಿಯನ್ನು ಮಾರಿಕೊಂಡವನು ಬಿತ್ತನೆ ಬೀಜ ಕುಟ್ಟಿ ಅನ್ನ ಮಾಡಿಕೊಂಡ ಹಾಗೆ.

ನಮ್ಮವರು ಮಾಡಿದ್ದು ಅದನ್ನೇ. 2017ರಲ್ಲಿ ನಮ್ಮ ಹತ್ತಿರ ಹನ್ನೆರಡನೇ ಸರದಿ ಇತ್ತು. ಅದನ್ನು ಹ್ಯೂಸ್ಟನ್ ಟೀಮಿಗೆ ಕೊಟ್ಟೆವು, ಅವರು ಡಿಶಾನ್ ವಾಟ್ಸನ್ ಅನ್ನುವ ಕ್ವಾರ್ಟರ್‌ಬ್ಯಾಕನ್ನು, ಅಂದರೆ ಚೆಂಡು ಎಸೆದು ಆಟ ನಡೆಸುವವನನ್ನು, ಆರಿಸಿಕೊಂಡರು. ಐದು ವರ್ಷ ಆದ ಮೇಲೆ, 2022ರಲ್ಲಿ, ಅದೇ ಮನುಷ್ಯನಿಗಾಗಿ ಅದೇ ಹ್ಯೂಸ್ಟನ್‌ಗೆ ಮೊದಲ ಸುತ್ತಿನ ಮೂರು ಸರದಿ ಕೊಟ್ಟೆವು. ಆತನಿಗೆ ಐದು ವರ್ಷಕ್ಕೆ 23 ಕೋಟಿ ಡಾಲರ್, ಆಡಲಿ ಬಿಡಲಿ ಪೂರ್ತಿ ಗ್ಯಾರಂಟಿ. ಆ ವರ್ಷ ಒಂದು ಇಡೀ ಟೀಮಿನ ಸಂಬಳದ ಮಿತಿ ಇದ್ದದ್ದು 20.82 ಕೋಟಿ. ದುಡ್ಡಿನ ಮಾತು ಪಕ್ಕಕ್ಕಿಡಿ. ಇಪ್ಪತ್ತಕ್ಕೂ ಹೆಚ್ಚು ಮಹಿಳೆಯರು ಲೈಂಗಿಕ ದುರ್ವರ್ತನೆಯ ದೂರು ಕೊಟ್ಟು ಕೋರ್ಟಿಗೆ ಹೋಗಿದ್ದರು. ಆತ ಅದನ್ನು ಒಪ್ಪಲಿಲ್ಲ. ಲೀಗ್ 11 ಪಂದ್ಯ ಹೊರಗಿಟ್ಟು 50 ಲಕ್ಷ ಡಾಲರ್ ದಂಡ ಹಾಕಿತು. ನನಗೆ ಮಗಳಿದ್ದಾಳೆ. ಆ ವರ್ಷ ಟಿವಿ ಮುಂದೆ ಅವಳ ಪಕ್ಕ ಕೂತು ಚಪ್ಪಾಳೆ ಹೊಡೆಯಲು ನನ್ನಿಂದ ಆಗಲಿಲ್ಲ. ನಾವು ಕೊಟ್ಟ ಒಂದು ಸರದಿಯನ್ನೂ ಸೇರಿಸಿ ಹ್ಯೂಸ್ಟನ್‌ನವರು 2023ರಲ್ಲಿ ಸರದಿಯಲ್ಲಿ ಮುಂದಕ್ಕೆ ಹೋಗಿ ವಿಲ್ ಆ್ಯಂಡರ್ಸನ್ ಅನ್ನುವ ಹುಡುಗನನ್ನು ತಂದರು. ಆ ಸೀಸನ್ನಿನ ಪ್ಲೇಆಫ್‌ನಲ್ಲಿ ನಮ್ಮನ್ನು 45–14ರಿಂದ ಸೋಲಿಸಿದ್ದು ಅವರೇ.

ಅಂದರೆ ನನಗೆ ಕಾಣುವುದು ಇಷ್ಟು. ನಮ್ಮವರಿಗೆ ಆತುರ ಬಂದಾಗಲೆಲ್ಲ ಏನಾದರೂ ಒಂದನ್ನು ಹೊಸದು ಮಾಡಿ ತೋರಿಸುತ್ತಾರೆ, ಬಟ್ಟೆ ಇಲ್ಲದಿದ್ದರೆ ಕ್ವಾರ್ಟರ್‌ಬ್ಯಾಕ್. ಎದೆ ಮೇಲೆ ಊರಿನ ಹೆಸರು ಬರೆದುಕೊಂಡು ಆಡಿದ ಐದು ಸೀಸನ್ನಿನಲ್ಲಿ ಒಂದರಲ್ಲೂ ಪ್ಲೇಆಫ್ ಮುಟ್ಟಲಿಲ್ಲ. ಲೀಗಿನ ನಿಯಮದಂತೆ ಹೊಸ ಬಟ್ಟೆ ಐದು ವರ್ಷ ಬದಲಾಯಿಸುವ ಹಾಗಿರಲಿಲ್ಲ, ಹಾಗಾಗಿ ಅಷ್ಟೂ ದಿನ ನೋಡಬೇಕಾಯಿತು. 2020ರಲ್ಲಿ ಹಳೆಯದು ವಾಪಸ್ ಬಂತು. ಆ ವರ್ಷ 11 ಗೆಲುವು, ಪಿಟ್ಸ್‌ಬರ್ಗ್‌ಗೆ ಹೋಗಿ ಪ್ಲೇಆಫ್‌ನಲ್ಲಿ 48–37ರಿಂದ ಗೆದ್ದೆವು. ಬಟ್ಟೆಯಿಂದ ಗೆದ್ದೆವು ಅಂತ ನಾನು ಹೇಳುತ್ತಿಲ್ಲ. ಡ್ರಾಫ್ಟಿನಲ್ಲಿ ತಂದ ಮೈಲ್ಸ್ ಗ್ಯಾರೆಟ್, ನಿಕ್ ಚಬ್, ಜೋಯಲ್ ಬಿಟೋನಿಯೊ ಮಾಗಿದ್ದರು, ಆ ಸೀಸನ್ ಚೆನ್ನಾಗಿ ಹೋದದ್ದು ಅದರಿಂದ. ಬಿಟೋನಿಯೊ ಬಂದದ್ದು 2014ರಲ್ಲಿ. ಆ ಕೆಟ್ಟ ವರ್ಷಗಳನ್ನೆಲ್ಲ ಇದ್ದು ಕಂಡವನು, ಬಿಟ್ಟು ಹೋಗಲಿಲ್ಲ.

ಈಗ ಆ ದಿನದ ಮಾತು ಹೇಳಿಬಿಡುತ್ತೇನೆ, ಇಷ್ಟೆಲ್ಲ ಬರೆಸುತ್ತಿರುವುದೇ ಅದು. 2017ರ ನವೆಂಬರ್ ಮೊದಲ ವಾರ. ಕನ್ನಡ ಕೂಟದ ರಾಜ್ಯೋತ್ಸವ, ಒಂದು ಶಾಲೆಯ ಹಾಲಿನಲ್ಲಿ. ಬ್ರೌನ್ಸ್ ಆ ಹೊತ್ತಿಗೆ ಎಂಟು ಪಂದ್ಯ ಆಡಿ ಎಂಟೂ ಸೋತಿದ್ದರು. ಆ ವರ್ಷ ಕೊನೆಗೆ ಹದಿನಾರಕ್ಕೆ ಹದಿನಾರೂ ಸೋತರು. ಎಲ್ಲರೂ ರೇಷ್ಮೆ ಜುಬ್ಬಾ, ಹಳದಿ–ಕೆಂಪು ಶಾಲು. ನಾನು ಶಾಲಿನ ಕೆಳಗೆ 73ನೇ ನಂಬರಿನ ಕಂದು ಜೆರ್ಸಿ ಹಾಕಿಕೊಂಡು ಹೋಗಿದ್ದೆ. ಬೇಕೆಂದೇ ಹಾಕಿದ್ದೆ. ಊಟದ ಸಾಲಿನಲ್ಲಿ ಹೊಸದಾಗಿ ಊರಿಗೆ ಬಂದವರೊಬ್ಬರು ಜೋರಾಗಿ, "ಏನ್ ಸಾರ್, ಬೇರೆ ಟೀಮ್ ಸಿಗಲಿಲ್ವಾ?" ಅಂದರು. ಸಾಲಿಗೆ ಸಾಲೇ ನಕ್ಕಿತು. ನಾನು ತಟ್ಟೆ ಹಿಡಿದುಕೊಂಡು ಏನೂ ಹೇಳದೆ ಮುಂದೆ ಹೋದೆ. ಉತ್ತರ ಇರಲಿಲ್ಲ ಅಂತಲ್ಲ, ಗಂಟಲು ಕಟ್ಟಿತ್ತು.

ಆ ಜೆರ್ಸಿ ನಾನು ಇಲ್ಲಿಗೆ ಬಂದ ವರ್ಷ, 2007ರಲ್ಲಿ ಕೊಂಡದ್ದು. ಆಫೀಸಿನ ಹಿರಿಯರೊಬ್ಬರು ಹೇಳಿದ್ದರು, ಕ್ವಾರ್ಟರ್‌ಬ್ಯಾಕ್ ಹೆಸರಿನದ್ದು ತಗೋಬೇಡ, ಮುಂದಿನ ವರ್ಷ ಅವನು ಇರುವುದಿಲ್ಲ, ಈ ಹುಡುಗನದ್ದು ತಗೋ ಅಂತ. ಹದಿನೆಂಟು ವರ್ಷದ ಮೇಲೇ ಆಯಿತು. ಒಳಗೆ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯುತ್ತೇನೆ, ಡ್ರೈಯರಿಗೆ ಹಾಕುವುದಿಲ್ಲ, ನೆರಳಲ್ಲಿ ಒಣಗಿಸುತ್ತೇನೆ. 3ರ ಕೆಳತುದಿಯಲ್ಲಿ ಹೊಲಿಗೆ ಬಿಟ್ಟಿತ್ತು, ಬಿಳಿ ದಾರ ಮುಗಿದಿತ್ತು ಅಂತ ಹೆಂಡತಿ ಕೆನೆ ಬಣ್ಣದ ದಾರದಲ್ಲಿ ಹಾಕಿಕೊಟ್ಟಳು. ಹತ್ತಿರ ಬಂದು ನೋಡಿದರೆ ಕಾಣುತ್ತದೆ. 2015ರ ಹೊಸ ಬಟ್ಟೆ ನಾನು ಕೊಳ್ಳಲೇ ಇಲ್ಲ. 2020ರಲ್ಲಿ ಆಟಗಾರರೇ ಮತ್ತೆ ನನ್ನದರ ಹಾಗಿನದ್ದು ಹಾಕಿಕೊಂಡು ಬಂದರು.

ಟೀಮ್ ಯಾಕೆ, ಹೆಲ್ಮೆಟ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಬೆನ್ನ ಮೇಲಿನ ನಂಬರ್ ಯಾರದು ಅಂತ ಕೇಳುವವರು ಕಡಿಮೆ. ಅವತ್ತು ಒಬ್ಬರು ಕೇಳಿದರು. ಧಾರವಾಡದಿಂದ ಮಗನ ಮನೆಗೆ ಬಂದಿದ್ದ ಹಿರಿಯ ಹೆಂಗಸು, ಎಪ್ಪತ್ತು ದಾಟಿರಬೇಕು. ಬಿಸಿಬೇಳೆಬಾತ್ ತಟ್ಟೆ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು.

"ತಮ್ಮಾ, ಈ ಎಪ್ಪತ್ಮೂರು ಯಾರಪಾ?"

ಜೋ ಥಾಮಸ್ ಅಂತ ಹೇಳಿದೆ. 2007ರ ಡ್ರಾಫ್ಟಿನಲ್ಲಿ ಮೂರನೆಯವನಾಗಿ ಬಂದ, ಆ ದಿನ ಟಿವಿ ಮುಂದೆ ಕೂರದೆ ಅಪ್ಪನ ಜೊತೆ ದೋಣಿಯಲ್ಲಿ ಮೀನು ಹಿಡಿಯಲು ಹೋಗಿದ್ದ ಅಂದೆ. ಬಂದ ದಿನದಿಂದ ಒಂದೇ ಒಂದು ಸಲ ಹೊರಗೆ ಕೂರಲಿಲ್ಲ, ನಮ್ಮವರು ಚೆಂಡು ಹಿಡಿದು ಆಟ ಶುರು ಮಾಡಿದ ಸತತ 10,363 ಸಲವೂ ಅವನು ತನ್ನ ಜಾಗದಲ್ಲಿದ್ದ, ಎರಡು ವಾರದ ಹಿಂದೆ ತೋಳಿನ ಸ್ನಾಯು ಹರಿದು ನಿಂತುಹೋಯಿತು ಅಂದೆ. ಹಾಲ್ ಆಫ್ ಫೇಮ್‌ಗೆ, ಅಂದರೆ ಈ ಆಟದ ದಿಗ್ಗಜರ ಸಾಲಿಗೆ, ಅವನು ಸೇರಿದ್ದು ಆಮೇಲೆ, 2023ರಲ್ಲಿ. ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ.

"ಭಾಳ ಗೋಲ್ ಹೊಡೆದಾನೇನು?"

"ಇಲ್ರೀ ಅವ್ವಾ. ಅವನು ಚೆಂಡು ಮುಟ್ಟೂದ ಇಲ್ಲ."

ಅವರು ಚಮಚ ಕೆಳಗಿಟ್ಟರು. "ಮತ್ತ ಅವನ ಕೆಲಸ ಏನು?"

"ಚೆಂಡು ಒಗೆಯೋ ಹುಡುಗನ ಬೆನ್ನು ಕಾಯೂದು. ಅವನಿಗೆ ಆ ಕಡೆ ಕಾಣೂದಿಲ್ಲರೀ, ಅಲ್ಲಿಂದ ಏಟು ಬೀಳದಂಗ ನೋಡ್ಕೊಳ್ಳೂದು."

"ಎಷ್ಟು ವರ್ಷ ಕಾದ?"

"ಹನ್ನೊಂದು."

"ಅಷ್ಟು ಸೋತ್ರೂ?"

"ಅಷ್ಟು ಸೋತ್ರೂ."

ಸ್ವಲ್ಪ ಹೊತ್ತು ನನ್ನ ಜೆರ್ಸಿ ನೋಡಿದರು. ಆಮೇಲೆ 3ರ ಕೆಳಗಿನ ಆ ಕೆನೆ ದಾರದ ಹೊಲಿಗೆಯ ಮೇಲೆ ಬೆರಳಿಟ್ಟು, "ಇದನ್ನ ಯಾರು ಹಾಕ್ಯಾರ, ಚಲೋ ಹಾಕ್ಯಾರ," ಅಂದರು.