ಮೋಡ್ ಲೈನ್‌ನಲ್ಲಿ ‘ವ್ಯಾಲಿಡ್’, ಕಡತದಲ್ಲಿ ತಪ್ಪು

ನಿಘಂಟಿನ ಟಿಇಐ (ಪಠ್ಯಗಳಿಗೆ ಗುರುತು ಹಾಕುವ ಎಕ್ಸ್‌ಎಂಎಲ್ ಮಾದರಿ) ಕಡತಗಳನ್ನು ಈಮ್ಯಾಕ್ಸ್ ಎಂಬ ಎಡಿಟರಿನಲ್ಲಿ ತಿದ್ದುವ ಕೆಲಸಕ್ಕೆ ಮೂರು ದಿನಗಳಿಂದ ಅಡ್ಡವಾಗಿದ್ದ ತೊಡಕು ನಿನ್ನೆ ರಾತ್ರಿ ಬಗೆಹರಿಯಿತು. ಈಮ್ಯಾಕ್ಸ್‌ನಲ್ಲಿ ಎಕ್ಸ್‌ಎಂಎಲ್ ತಿದ್ದಲು ಇರುವ ಎನ್‌ಎಕ್ಸ್‌ಎಂಎಲ್ ಮೋಡ್ ಬಳಸುವವರಿಗೆ ಆರಂಭದ ಹಂತಗಳು ಗೊತ್ತೇ ಇರುವುದರಿಂದ ನೇರವಾಗಿ ತೊಡಕಿಗೆ ಬರುತ್ತೇನೆ.

ವ್ಯಾಕರಣದ ವಿವರ ನೀಡುವ ‘ಗ್ರಾಮ್‌ಜಿಆರ್‌ಪಿ’ (gramGrp) ಎಲಿಮೆಂಟಿನ, ಅಂದರೆ ಟ್ಯಾಗ್ ಜೋಡಿಯ, ಹೆಸರಿನಲ್ಲಿ ಎರಡನೆಯ ‘ಜಿ’ ದೊಡ್ಡಕ್ಷರವಾಗಿರಬೇಕು. ನಾನು ಸಣ್ಣಕ್ಷರ ಒತ್ತಿದ್ದೆ. ಮುಕ್ತಾಯದ ಟ್ಯಾಗನ್ನು ಎಡಿಟರೇ ಹಾಕಿಕೊಟ್ಟದ್ದರಿಂದ ಅದೂ ಅದೇ ತಪ್ಪನ್ನು ಹೊತ್ತು ಬಂದಿತ್ತು. ಹಾಗಾಗಿ ಕಡತ ವೆಲ್-ಫಾರ್ಮ್ಡ್ (ಟ್ಯಾಗುಗಳ ಜೋಡಣೆ ಸರಿ) ಆಗಿತ್ತು, ಯಾವ ಎಲಿಮೆಂಟ್ ಎಲ್ಲಿ ಬರಬಹುದೆಂದು ಹೇಳುವ ಸ್ಕೀಮಾಕ್ಕೆ ಮಾತ್ರ ಹೊಂದುತ್ತಿರಲಿಲ್ಲ. ಆದರೂ ಕಿಟಕಿಯ ಕೆಳಗಿನ ಸ್ಥಿತಿಪಟ್ಟಿಯಾದ ಮೋಡ್ ಲೈನ್ ‘ವ್ಯಾಲಿಡ್’ (ಸ್ಕೀಮಾಕ್ಕೆ ಹೊಂದುತ್ತದೆ) ಎಂದೇ ತೋರಿಸುತ್ತಿತ್ತು. ಎಲ್ಲಿಯೂ ಇಲ್ಲದ ಹೆಸರಿನ ಎಲಿಮೆಂಟೊಂದನ್ನು ಬೇಕೆಂದೇ ಸೇರಿಸಿ ನೋಡಿದೆ. ಅದಕ್ಕೂ ಕೆಂಪು ಗೆರೆ ಬೀಳಲಿಲ್ಲ.

ನಾನು ಮೊದಲು ಸಂಶಯಪಟ್ಟದ್ದು ಸ್ಕೀಮಾವನ್ನು. ಅದನ್ನು ಒದಗಿಸಿದವರು ಎಕ್ಸ್‌ಎಸ್‌ಡಿ (ಸ್ಕೀಮಾ ಬರೆಯುವ ಒಂದು ಭಾಷೆ) ರೂಪವನ್ನಷ್ಟೇ ಕಳುಹಿಸಿದ್ದರು. ಎನ್‌ಎಕ್ಸ್‌ಎಂಎಲ್‌ಗೆ ಬೇಕಾದುದು ರಿಲ್ಯಾಕ್ಸ್ ಎನ್‌ಜಿ ಎಂಬ ಇನ್ನೊಂದು ಸ್ಕೀಮಾ ಭಾಷೆಯ ಕಾಂಪ್ಯಾಕ್ಟ್ ರೂಪ, ಮತ್ತು ಸ್ಕೀಮಾ ಪರಿವರ್ತಿಸುವ ಸಾಧನವಾದ ಟ್ರ್ಯಾಂಗ್ ಎಕ್ಸ್‌ಎಸ್‌ಡಿಯನ್ನು ಬರೆಯಬಲ್ಲದೇ ಹೊರತು ಓದಲಾರದು. ಪಟ್ಟು ಹಿಡಿದು ಕೇಳಿ ರಿಲ್ಯಾಕ್ಸ್ ಎನ್‌ಜಿ ಮೂಲವನ್ನು ತರಿಸಿಕೊಂಡು ಪರಿವರ್ತಿಸಿದ್ದೆನಾದರೂ, ಆ ಪರಿವರ್ತನೆಯೇ ಕೆಟ್ಟಿರಬೇಕೆಂದು ಎರಡು ದಿನ ಅದನ್ನೇ ಮತ್ತೆ ಮತ್ತೆ ಮಾಡಿದೆ. ಕೊನೆಗೆ ಅದೇ ಸ್ಕೀಮಾವನ್ನು ಜಿಂಗ್ ಎಂಬ ಪರೀಕ್ಷಕ ಸಾಧನಕ್ಕೆ ಕೊಟ್ಟಾಗ ಅದು ತಪ್ಪಿನ ಸಾಲನ್ನು ತಕ್ಷಣ ತೋರಿಸಿತು. ಸ್ಕೀಮಾ ಸರಿಯಾಗಿಯೇ ಇತ್ತು.

ಎಡಿಟರ್ ಯಾವ ಸ್ಕೀಮಾ ಬಳಸುತ್ತಿದೆ ಎಂದು ಕೇಳಲು ಕಂಟ್ರೋಲ್-ಸಿ, ಕಂಟ್ರೋಲ್-ಎಸ್, ಕಂಟ್ರೋಲ್-ಡಬ್ಲ್ಯೂ ಒತ್ತಿದಾಗ ‘ಯೂಸಿಂಗ್ ವ್ಯಾಕ್ಯುಅಸ್ ಸ್ಕೀಮಾ’ ಎಂಬ ಉತ್ತರ ಬಂತು. ಏನು ಬರೆದರೂ ಒಪ್ಪಿಕೊಳ್ಳುವ ಬರಿದಾದ ಸ್ಕೀಮಾ ಅದು. ಯಾವ ಕಡತಕ್ಕೆ ಯಾವ ಸ್ಕೀಮಾ ಎಂದು ಹೇಳುವ ‘ಸ್ಕೀಮಾಸ್ ಡಾಟ್ ಎಕ್ಸ್‌ಎಂಎಲ್’ ಅನ್ನು ಎಡಿಟರ್ ಹುಡುಕುವುದು ದಾಖಲೆ ಇರುವ ಫೋಲ್ಡರಿನಲ್ಲಿ. ಮೇಲಿನ ಫೋಲ್ಡರಿಗೆ ಅದು ಹತ್ತಿ ನೋಡುವುದಿಲ್ಲ. ನಾನು ಕಳೆದ ವಾರ ಅಕ್ಷರಕ್ಕೊಂದರಂತೆ ಒಳ ಫೋಲ್ಡರುಗಳನ್ನು ಮಾಡಿ ಕಡತಗಳನ್ನು ಹಂಚಿದ್ದೆ, ಆ ನಿಯಮದ ಕಡತವನ್ನು ಮಾತ್ರ ಮೇಲೆಯೇ ಬಿಟ್ಟಿದ್ದೆ.

ಅಂಥ ನಿಯಮದ ಕಡತಗಳನ್ನು ಎಲ್ಲಿ ಹುಡುಕಬೇಕೆಂದು ಈಮ್ಯಾಕ್ಸ್‌ಗೆ ಹೇಳುವ ‘ಆರ್‌ಎನ್‌ಜಿ-ಸ್ಕೀಮಾ-ಲೊಕೇಟಿಂಗ್-ಫೈಲ್ಸ್’ ಪಟ್ಟಿಯ ಮೊದಲಿಗೆ ಆ ಕಡತದ ಪೂರ್ಣ ಪಾಥ್ ಸೇರಿಸಿ, ಟಿಇಐ ನೇಮ್‌ಸ್ಪೇಸಿಗೆ (ಟಿಇಐ ಎಲಿಮೆಂಟುಗಳನ್ನು ಗುರುತಿಸುವ ಹೆಸರಿಗೆ) ಅದರಲ್ಲಿ ಒಂದು ನಿಯಮ ಬರೆದೆ. ನಿಯಮದೊಳಗಿನ ಸ್ಕೀಮಾ ವಿಳಾಸವನ್ನು ಆ ಕಡತ ಇರುವ ಜಾಗದಿಂದಲೇ ಲೆಕ್ಕ ಹಾಕುವುದರಿಂದ ಅದನ್ನು ಮುಟ್ಟಬೇಕಾಗಲಿಲ್ಲ. ಕಡತವನ್ನು ಮತ್ತೆ ತೆರೆದ ಕೂಡಲೇ ಗೆರೆಗಳು ಕೆಂಪಾದವು. ಅಷ್ಟು ಸಂತೋಷದಿಂದ ತಪ್ಪುಗಳನ್ನು ನಾನು ಎಂದೂ ಎಣಿಸಿರಲಿಲ್ಲ. ಒಟ್ಟು 37 ಇದ್ದವು, ಅವುಗಳಲ್ಲಿ 31 ಅದೇ ಸಣ್ಣ ‘ಜಿ’.

ಅಡ್ಡ ಉಲ್ಲೇಖ ತೋರಿಸುವ ನಮೂದು ನಿಜವಾಗಿ ಇದೆಯೇ ಎಂಬುದನ್ನು ನಿಯಮಗಳ ಮೂಲಕ ಎಕ್ಸ್‌ಎಂಎಲ್ ಪರೀಕ್ಷಿಸುವ ಸ್ಕೀಮಟ್ರಾನ್‌ನಲ್ಲಿ, ಕಡತದೊಳಗಿನ ಭಾಗಗಳನ್ನು ಸೂಚಿಸುವ ಎಕ್ಸ್‌ಪಾಥ್ ಬಳಸಿ ನಿಯಮ ಬರೆದು ಪರೀಕ್ಷಿಸುವುದು ಮುಂದಿನ ಯೋಜನೆ. ಮೊದಲ ನಿಯಮದ ಕರಡು ಆಗಲೇ ಸಿದ್ಧವಾಗಿದೆ. ಅದಕ್ಕೂ ಮೊದಲು ಉಳಿದ ಆರು ತಪ್ಪುಗಳನ್ನು ಇಂದು ಸಂಜೆ ಕಂಟ್ರೋಲ್-ಸಿ, ಕಂಟ್ರೋಲ್-ಎನ್ ಒತ್ತಿ ಮುಂದಿನ ತಪ್ಪಿಗೆ ಹೋಗುತ್ತಾ ಒಂದೊಂದಾಗಿ ತಿದ್ದಬೇಕಿದೆ.